ಒಗೆತದ ದಿನದ ಗುಳ್ಳೆಗಳು

ಬಟ್ಟೆ ಒಗೆಯುವ ದಿನದ ಮೇಲೆ ಮಹಾಕಾವ್ಯದ ಧಾಟಿಯಲ್ಲಿ ಪದ್ಯ ಬರೆದರೆ ಹೇಗಿರುತ್ತದೆ? ಇಂಗ್ಲೆಂಡಿನ ಕವಯಿತ್ರಿ ಆ್ಯನಾ ಲೆಟೀಷಿಯಾ ಬಾರ್ಬಾಲ್ಡ್ 1797ರಲ್ಲಿ ಹಾಗೆ ಬರೆದರು. ‘ಮಂತ್ಲಿ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾದ ಆ ಕವಿತೆಯ ಹೆಸರು ‘ವಾಷಿಂಗ್ ಡೇ’. ನಕ್ಕು ಮರೆಯಬಹುದಾದ ಪದ್ಯವೇ. ಆದರೆ ಅದರ ಕೊನೆಯಲ್ಲಿ ಬರುವ ಸೋಪಿನ ಗುಳ್ಳೆಗಳು ನನ್ನನ್ನು ಅಷ್ಟಕ್ಕೇ ಬಿಡುವುದಿಲ್ಲ.

ಛಂದಸ್ಸೇ ಮೊದಲ ತಮಾಷೆ. ಮಿಲ್ಟನ್ ಸ್ವರ್ಗ ನರಕಗಳ ಕಥೆಗೆ ಬಳಸಿದ, ಮುಂದೆ ನಮ್ಮ ಸರಳ ರಗಳೆಗೂ ಮಾದರಿಯಾದ ಪ್ರಾಸವಿಲ್ಲದ ಸಾಲು ಇಲ್ಲಿ ಒದ್ದೆ ಬಟ್ಟೆ ಹೊರುತ್ತದೆ. ಕಾವ್ಯದೇವತೆಯರು ಹರಟೆಗೆ ಕೂತ ಹೆಂಗಸರಾಗಿದ್ದಾರೆ. ಮಳೆ ಬಂದರೆ ಅದೇ ಮಹಾವಿಪತ್ತು. ಗಂಡ ಬಾಯಿಬಿಡುವಂತಿಲ್ಲ, ಊಟದ ಆಸೆಯಿಂದ ಬಂದ ಅತಿಥಿಯ ಪಾಡು ಹೇಳತೀರದು.

ಆಮೇಲೆ ಬಾಲ್ಯದ ನೆನಪು. ಆ ದಿನ ಕೆಲಸದವರು ಮುದ್ದು ಮಾಡುವುದಿಲ್ಲ, ದೆವ್ವದ ಕಥೆ ಹೇಳುವುದಿಲ್ಲ, ಕದ್ದು ಬೆಣ್ಣೆ ಸವರಿದ ಬ್ರೆಡ್ ಕೊಡುವುದಿಲ್ಲ. ಹುಡುಗಿ ಅಜ್ಜಿಯ ಬಳಿ ಕೂತು, ಈ ಒಗೆತ ಎಂಬುದಾದರೂ ಯಾಕಿದೆ ಎಂದು ಯೋಚಿಸುತ್ತಾಳೆ. ಒಮ್ಮೊಮ್ಮೆ ಪೈಪಿನಿಂದ ಗುಳ್ಳೆ ಊದುತ್ತಾಳೆ. ಅಲ್ಲಿಂದ ಕವಿತೆ ಒಂದೇ ನೆಗೆತಕ್ಕೆ ಮೊಂಗೋಲ್ಫಿಯೆಯ ಬಲೂನಿಗೆ ಹಾರುತ್ತದೆ: ಮಕ್ಕಳ ಆಟಕ್ಕೂ ದೊಡ್ಡವರ ದುಡಿಮೆಗೂ ಎಷ್ಟು ಕಡಿಮೆ ದೂರ!

ಇದು ಬರಿಯ ಚಮತ್ಕಾರವಲ್ಲ. ಫ್ರಾನ್ಸಿನಲ್ಲಿ ಮೊಂಗೋಲ್ಫಿಯೆ ಸಹೋದರರು 1783ರ ಜೂನ್‌ನಲ್ಲಿ ಬಿಸಿಗಾಳಿಯ ಬಲೂನನ್ನು ಜನರ ಮುಂದೆ ಹಾರಿಸುವ ಮೊದಲೇ, 1782ರಲ್ಲಿ, ಲಂಡನ್ನಿನಲ್ಲಿದ್ದ ಇಟಲಿಯ ವಿಜ್ಞಾನಿ ಟಿಬೀರಿಯಸ್ ಕವಾಲ್ಲೊ ಜಲಜನಕ ತುಂಬಿ ಏನಾದರೂ ಹಾರೀತೇ ಎಂದು ಪ್ರಯೋಗ ಮಾಡುತ್ತಿದ್ದ. ಪ್ರಾಣಿಗಳ ಮೂತ್ರಕೋಶದ ಚೀಲ ಭಾರವಾಯಿತು. ಕಾಗದದ ಚೀಲದಿಂದ ಅನಿಲ ಸೋರಿತು. ಮೇಲೇರಿದ್ದು ಸೋಪಿನ ಗುಳ್ಳೆ ಮಾತ್ರ. (ಕವಿತೆಯಲ್ಲಿ ಮೊಂಗೋಲ್ಫಿಯೆಯ ಬಲೂನು ರೇಷ್ಮೆಯದು. ಅವರದು ನಿಜಕ್ಕೂ ಗೋಣಿಬಟ್ಟೆ ಮತ್ತು ಕಾಗದದ್ದು. ರೇಷ್ಮೆಯದು ಅದೇ ವರ್ಷ ಪ್ಯಾರಿಸ್ಸಿನಲ್ಲಿ ಷಾರ್ಲ್ ಹಾರಿಸಿದ ಜಲಜನಕದ ಬಲೂನು. ಕವಿಗೆ ಇಷ್ಟು ರಿಯಾಯಿತಿ ಇರಲಿ.)

ಕೊನೆಯ ಮಾತು ಇನ್ನೂ ಮೊನಚು. ‘ಮ್ಯಾಕ್‌ಬೆತ್’ ನಾಟಕದಲ್ಲಿ ಮಾಟಗಾತಿಯರು ಮಾಯವಾದಾಗ ಬ್ಯಾಂಕೋ ಭೂಮಿಗೂ ಗುಳ್ಳೆಗಳಿವೆ ಎನ್ನುತ್ತಾನೆ. ಬಾರ್ಬಾಲ್ಡ್ ಆ ಮಾತನ್ನು ಎತ್ತಿಕೊಂಡು, ಕವಿತೆಯೂ ಒಂದು ಗುಳ್ಳೆ, ಅದರಲ್ಲೂ ಇದಂತೂ ಗುಳ್ಳೆಯೇ ಎಂದು ಮುಗಿಸುತ್ತಾರೆ. ಇದನ್ನು ಹೆಣ್ಣಿನ ವಿನಯ ಎಂದು ಓದಲು ನನಗೆ ಮನಸ್ಸಿಲ್ಲ. ಇಡೀ ಯುರೋಪು ತಲೆಯೆತ್ತಿ ನೋಡಿದ ಬಲೂನನ್ನು ಆಕೆ ಆಗಲೇ ಗುಳ್ಳೆಗಳ ಸಾಲಿಗೆ ಸೇರಿಸಿಯಾಗಿದೆ. ತನ್ನ ಪದ್ಯವನ್ನೂ ಅಲ್ಲೇ ಇಟ್ಟರೆ ಅದು ಸಣ್ಣದಾಗುವುದು ಹೇಗೆ?

ಒಗೆತದ ಬಗ್ಗೆ ನಗುತ್ತಾ ಬರೆಯಲು ಆಕೆಗೆ ಯಾರ ಅಡ್ಡಿಯೂ ಇರಲಿಲ್ಲ. 1812ರಲ್ಲಿ, ನೆಪೋಲಿಯನ್ ಜೊತೆಗಿನ ಯುದ್ಧ ನಡೆಯುತ್ತಿದ್ದಾಗ, ಬ್ರಿಟನ್ನಿನ ಅವನತಿಯನ್ನು ಚಿತ್ರಿಸುವ ‘ಏಟೀನ್ ಹಂಡ್ರೆಡ್ ಅಂಡ್ ಇಲೆವೆನ್’ ಎಂಬ ಗಂಭೀರ ಕವಿತೆ ಪ್ರಕಟಿಸಿದರು. ‘ಕ್ವಾರ್ಟರ್ಲಿ ರಿವ್ಯೂ’ನಲ್ಲಿ ಜಾನ್ ವಿಲ್ಸನ್ ಕ್ರೋಕರ್ ಅದನ್ನು ಹರಿದುಹಾಕಿದ, ಮುದುಕಿ ಹೆಣಿಗೆ ಕಡ್ಡಿ ಬಿಸುಟು ರಾಜಕೀಯಕ್ಕೆ ಬಂದಳೆಂದು ಅಣಕಿಸಿದ. ಬಾರ್ಬಾಲ್ಡ್‌ಗೆ ಆಗ ಸುಮಾರು ಎಪ್ಪತ್ತು ವರ್ಷ. 1825ರಲ್ಲಿ ತೀರಿಕೊಳ್ಳುವವರೆಗೆ ಮತ್ತೊಂದು ಕವನ ಪುಸ್ತಕವನ್ನು ಅವರು ಹೊರತರಲಿಲ್ಲ.