ಆಕಾಶವಾಣಿಯ ಸ್ಥಳೀಯ ಕಂಠಗಳ ಹ್ರಾಸ

ಪುರಾಣಗಳಲ್ಲಿ ಆಕಾಶವಾಣಿಯೆಂದರೆ ಅಶರೀರವಾಣಿ. ಆಡುವವರು ಯಾರೆಂಬುದು ಕೇಳುವವರಿಗೆ ತಿಳಿಯದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸ್ಥಾಪಿಸಿದ 30 ವ್ಯಾಟಿನ ಬಾನುಲಿ ಕೇಂದ್ರಕ್ಕೆ ಈ ಹೆಸರೇ ಸಂದಿತು. ಆದರೆ ಕಾಲಕ್ರಮದಲ್ಲಿ ಹೆಸರಿಗೂ ವಸ್ತುವಿಗೂ ವಿರೋಧವುಂಟಾಯಿತು. ಅಶರೀರವಾಣಿಗೆ ಊರು, ನುಡಿ, ಪರಿಚಯಗಳು ಕೂಡಿಬಂದು, ಅದು ಮನೆಯ ಹಿರಿಯರ ಮಾತಿನಂತಾಯಿತು. ಹೀಗೆ ಪಡೆದ ಶರೀರವನ್ನು ಆ ವಾಣಿಯು ಮತ್ತೆ ಕಳೆದುಕೊಂಡ ಬಗೆಯನ್ನು ನಮ್ಮ ವಿಜಯಪುರ ಸೀಮೆಯ ದೃಷ್ಟಿಯಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಧಾರವಾಡದ ಕೇಂದ್ರವು 1950ನೆಯ ಜನವರಿ 8ರಂದು ಆರಂಭವಾಯಿತು. ಆಗ ಧಾರವಾಡ, ವಿಜಯಪುರಗಳೆರಡೂ ಮುಂಬಯಿ ರಾಜ್ಯಕ್ಕೆ ಸೇರಿದ್ದವು. ಏಕೀಕರಣಕ್ಕೆ ಇನ್ನೂ ಆರು ವರ್ಷಗಳಿಗೂ ಮಿಕ್ಕ ಅವಧಿಯಿತ್ತು. ಆಡಳಿತವು ಒಂದುಗೂಡುವ ಮೊದಲೇ ಈ ಭಾಗದ ಕಿವಿಗಳು ಒಂದುಗೂಡಿದವೆಂದರೆ ಅತಿಶಯೋಕ್ತಿಯಾಗಲಾರದು. ಎನ್ಕೆ ಕುಲಕರ್ಣಿಯವರು ಅಲ್ಲಿ ಸೇವೆ ಸಲ್ಲಿಸಿದರು. 1956ರಲ್ಲಿ ಬೇಂದ್ರೆಯವರು ಸಲಹೆಗಾರರಾದರು. ನನ್ನ ಬಾಲ್ಯದ ನಿಡೋಣಿಯಲ್ಲಿ ಸಂಜೆ ಗುಡಿಯ ಕಟ್ಟೆಯ ಮೇಲೆ ರೇಡಿಯೋ ಇಟ್ಟರೆ, ಜೋಳ ಕುಸುಬಿಗಳ ಪೇಟೆ ಧಾರಣೆಯನ್ನು ಓದುವ ಕಂಠ ಯಾವುದೆಂದು ಹೆಸರು ಹೇಳುವ ಮೊದಲೇ ಕೂತವರು ಗುರುತಿಸುತ್ತಿದ್ದರು.

ಈ ಗುರುತೇ ಮುಖ್ಯವಾದುದು. ಶಬ್ದವು ಹುಟ್ಟಿ ನಾಶವಾಗತಕ್ಕದ್ದೆಂದು ನೈಯಾಯಿಕರ ಮತ. ಒಂದು ವರ್ಣವನ್ನು ಮತ್ತೆ ಕೇಳಿದಾಗ ಅದೇ ಇದೆಂಬ ಪ್ರತ್ಯಭಿಜ್ಞೆಯುಂಟಾಗುವುದರಿಂದ ಶಬ್ದವು ನಿತ್ಯವೆಂದು ಮೀಮಾಂಸಕರು ವಾದಿಸಿದರು. ವರ್ಣದ ವಿಷಯದಲ್ಲಿ ಯಾರ ವಾದ ಗೆಲ್ಲುವುದೋ ಇರಲಿ, ಬಾನುಲಿಯ ಕಂಠದ ಮಟ್ಟಿಗೆ ಮೀಮಾಂಸಕರೇ ಗೆದ್ದರು. ಅದೇ ಕಂಠವು ಅದೇ ವೇಳೆಗೆ ಮರಳಿ ಬರುತ್ತಿದ್ದುದರಿಂದಲೇ ಅದಕ್ಕೆ ವ್ಯಕ್ತಿತ್ವವುಂಟಾಯಿತು. ಖಾಯಂ ಉದ್ಘೋಷಕರು ನಿವೃತ್ತರಾಗುತ್ತ ಬಂದಂತೆ, ತಿಂಗಳಲ್ಲಿ ಕೆಲವೇ ಪಾಳಿ ದೊರೆಯುವ ಸಾಂದರ್ಭಿಕ ಉದ್ಘೋಷಕರು ಹೆಚ್ಚಾದರು. ಅವರಲ್ಲಿ ಪ್ರತಿಭೆಯ ಕೊರತೆಯಿಲ್ಲ. ವಾರಕ್ಕೊಮ್ಮೆ ಬಂದು ಹೋಗುವ ಕಂಠದಲ್ಲಿ ಪ್ರತ್ಯಭಿಜ್ಞೆ ಹುಟ್ಟುವುದೆಂತು? ಈಗ ವಿಜಯಪುರದಲ್ಲಿಯೇ ಆಕಾಶವಾಣಿ ಕೇಂದ್ರವಿದೆ. ಕೇಂದ್ರವು ಹತ್ತಿರ ಬಂದರೂ ಕಂಠವು ದೂರವಾಯಿತು.

ದೂರದರ್ಶನದ ಕಥೆಯು ಬೇರೆ. 1975ನೆಯ ಆಗಸ್ಟಿನಿಂದ ಒಂದು ವರ್ಷಕಾಲ ಉಪಗ್ರಹದ ಮೂಲಕ ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಕನ್ನಡ ಕಾರ್ಯಕ್ರಮಗಳು ಬಂದವು. ಅವು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ. 1994ರಲ್ಲಿ ಉದಯ ಟಿವಿ, 2001ರಲ್ಲಿ ಬೆಂಗಳೂರಿನ ಖಾಸಗಿ ಎಫ್‌ಎಂ ಬಂದವು. ಇವುಗಳಿಂದಲೂ ಪ್ರಸಿದ್ಧರು ಹುಟ್ಟಿದರು. ಆದರೆ ಅವರ ನುಡಿಯು ನಮ್ಮ ಸೀಮೆಯದಲ್ಲ, ಕೇಳುವ ವೇಳೆಯೂ ಎಲ್ಲರಿಗೂ ಒಂದಲ್ಲ.

ಬೇಂದ್ರೆ, ಎನ್ಕೆಯವರು ಗ್ರಂಥಕರ್ತರಾದುದರಿಂದ ಸಾಹಿತ್ಯ ಚರಿತ್ರೆಯಲ್ಲಿ ಉಳಿದರು. ಧಾರಣೆ ಓದಿದವರಿಗೆ, ರೈತರೊಡನೆ ಹರಟಿದವರಿಗೆ ಯಾವ ಕವಿಚರಿತೆಯಲ್ಲಿಯೂ ಸ್ಥಾನವಿಲ್ಲ. ಆಡುನುಡಿಯ ಗದ್ಯವನ್ನು ನಾಲ್ಕು ಜಿಲ್ಲೆಗಳ ಜನರಿಗೆ ನಿತ್ಯವೂ ಕೇಳಿಸಿದವರು ಅವರೇ ಎಂಬುದನ್ನು ನಾವು, ಪಂಡಿತರು, ಗಣಿಸಲಿಲ್ಲ. ಈಚೆಗೆ ನಿಡೋಣಿಯಲ್ಲಿ ಇಬ್ಬರು ಹಿರಿಯರನ್ನು ಈ ವಿಷಯವಾಗಿ ಕೇಳಿದೆನು. ಧಾರಣೆ ಓದುವ ಆ ಧಾಟಿಯನ್ನು ಇಬ್ಬರೂ ಬೇರೆಬೇರೆಯಾಗಿ ಒಂದೇ ಬಗೆಯಲ್ಲಿ ಆಡಿ ತೋರಿಸಿದರು. ಓದುತ್ತಿದ್ದವರ ಹೆಸರು ಮಾತ್ರ ಇಬ್ಬರಿಗೂ ನೆನಪಾಗಲಿಲ್ಲ.