ಬೈಕಿನ ಬೆನ್ನಿಗೊಂದು ಕಣ್ಣು: ಹಿಂದೆ ಬರುವ ವಾಹನ ತಿಳಿಸುವ ಸಾಧನಗಳು

ಹೊಸೂರು: ಜೂಜುವಾಡಿಯಿಂದ ಶೂಳಗಿರಿ ದಾಟಿ ಕೃಷ್ಣಗಿರಿವರೆಗಿನ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬೈಕ್ ಓಡಿಸುವವರಿಗೆ ಎದುರಿನ ವಾಹನಕ್ಕಿಂತ ಹಿಂದಿನಿಂದ ಬರುವ ವಾಹನದ ಭಯವೇ ಹೆಚ್ಚು. ನಡುವೆ ವಿಭಜಕ ಇರುವುದರಿಂದ ಎದುರು ಡಿಕ್ಕಿಯ ಅಪಾಯ ಕಡಿಮೆ. ಆದರೆ ಊರಿನ ಕಡೆ ತಿರುಗಲು ವಿಭಜಕದ ತೆರಪಿನಲ್ಲಿ ನಿಂತಾಗ, ಹಾಲಿನ ಕ್ಯಾನು ಕಟ್ಟಿಕೊಂಡು ಎಡಬದಿಯಲ್ಲಿ ನಿಧಾನವಾಗಿ ಹೋಗುವಾಗ, ಬೆನ್ನ ಹಿಂದೆ ಬರುವ ಲಾರಿ ಗೊತ್ತಾಗುವುದೇ ಇಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಒಟ್ಟು ಅಪಘಾತಗಳಲ್ಲಿ ಸುಮಾರು ಐದರಲ್ಲಿ ಒಂದು ಹಿಂದಿನಿಂದ ಡಿಕ್ಕಿಯಾದದ್ದು. ಹಾಗಾಗಿ ಬೈಕಿಗೆ ಹಿಂಬದಿ ಎಚ್ಚರಿಕೆ ಸಾಧನ ಹಾಕಿಸಬೇಕೆಂಬ ಆಸೆ ಸಹಜ. ಆದರೆ ಯಾವುದನ್ನು ಹಾಕಿಸಬೇಕು ಎಂಬುದೇ ಮುಖ್ಯ.

ಮೂರು ಬಗೆ

1. ಪಾರ್ಕಿಂಗ್ ಸೆನ್ಸರ್: ಕಾರಿನ ರಿವರ್ಸ್‌ಗೆ ಹಾಕುವ, 'ಬೀಪ್' ಎನ್ನುವ ಸಾಧನ. ಶಬ್ದದ ಅಲೆಯಿಂದ ಕೆಲಸ ಮಾಡುತ್ತದೆ. ಇದರ ಅಳತೆ ಸುಮಾರು ಎರಡು ಮೀಟರ್ ಮಾತ್ರ.

2. ಕ್ಯಾಮೆರಾ: ಹಿಂದಿನ ದೃಶ್ಯವನ್ನು ಹ್ಯಾಂಡಲ್ ಮೇಲಿನ ಸಣ್ಣ ಪರದೆಯಲ್ಲಿ ತೋರಿಸುತ್ತದೆ. ಅಪಘಾತವಾದರೆ ಸಾಕ್ಷಿಗೆ ಒದಗುತ್ತದೆ. ಆದರೆ ಬರಿಯ ಕ್ಯಾಮೆರಾ ತಾನಾಗಿ ಎಚ್ಚರಿಸುವುದಿಲ್ಲ, ಸವಾರನೇ ನೋಡಬೇಕು.

3. ರಾಡಾರ್: ರೇಡಿಯೋ ಅಲೆ ಬಿಟ್ಟು, ಅದು ವಾಹನಕ್ಕೆ ತಾಗಿ ವಾಪಸ್ ಬಂದಾಗ ದೂರವನ್ನೂ ವೇಗವನ್ನೂ ಲೆಕ್ಕ ಹಾಕುತ್ತದೆ. ಕನ್ನಡಿಯ ಬಳಿ ದೀಪ ಬೆಳಗುತ್ತದೆ ಅಥವಾ ಸದ್ದು ಬರುತ್ತದೆ. ಕತ್ತಲೆ, ಮಂಜಿನಲ್ಲೂ ಕೆಲಸ ಮಾಡುತ್ತದೆ.

ಎಷ್ಟು ಸೆಕೆಂಡು ಸಿಗುತ್ತದೆ?

ಬೈಕ್ ಗಂಟೆಗೆ 40 ಕಿ.ಮೀ. ವೇಗದಲ್ಲಿ, ಹಿಂದಿನ ಲಾರಿ 80 ಕಿ.ಮೀ. ವೇಗದಲ್ಲಿ ಇದೆ ಎಂದುಕೊಳ್ಳಿ. ಲಾರಿ ಪ್ರತಿ ಸೆಕೆಂಡಿಗೆ 11 ಮೀಟರ್ ಹತ್ತಿರವಾಗುತ್ತದೆ. ಎರಡು ಮೀಟರ್ ಅಳತೆಯ ಪಾರ್ಕಿಂಗ್ ಸೆನ್ಸರ್ ಬೀಪ್ ಎನ್ನುವ ಹೊತ್ತಿಗೆ ಉಳಿಯುವುದು ಸೆಕೆಂಡಿನ ಐದನೇ ಒಂದು ಭಾಗವೂ ಇಲ್ಲ. 140 ಮೀಟರ್ ದೂರ ನೋಡುವ ರಾಡಾರ್ ಇದ್ದರೆ 12 ಸೆಕೆಂಡು ಸಿಗುತ್ತದೆ. ಬೈಕ್ ನಿಂತಿದ್ದರೆ ಅದೇ ರಾಡಾರ್ 6 ಸೆಕೆಂಡು ಮೊದಲು ಹೇಳುತ್ತದೆ. ಬದಿಗೆ ಸರಿಯಲು ಅಷ್ಟು ಸಾಕು. ಆದ್ದರಿಂದ ಅಗ್ಗವೆಂದು ಪಾರ್ಕಿಂಗ್ ಸೆನ್ಸರ್ ಹಾಕಿಸುವುದು ದುಡ್ಡು ದಂಡ.

ಎಲ್ಲೆಲ್ಲಿ ಬಂದಿದೆ?

ಮುಂದೆ ಮತ್ತು ಹಿಂದೆ ಎರಡೂ ಕಡೆ ರಾಡಾರ್ ಹೊತ್ತು ಮಾರುಕಟ್ಟೆಗೆ ಬಂದ ಮೊದಲ ಬೈಕ್ ಇಟಲಿಯ ಡುಕಾಟಿ ಮಲ್ಟಿಸ್ಟ್ರಾಡಾ ವಿ4. 2020ರಲ್ಲಿ ಬಂದ ಇದಕ್ಕೆ ರಾಡಾರ್ ಕೊಟ್ಟದ್ದು ಜರ್ಮನಿಯ ಬಾಷ್ ಕಂಪನಿ. ನಮ್ಮ ಪಕ್ಕದ ಬೆಂಗಳೂರಿನ ಅಲ್ಟ್ರಾವಯೊಲೆಟ್ ಕಂಪನಿ 2025ರ ಸೆಪ್ಟೆಂಬರ್‌ನಲ್ಲಿ ಹಿಂಬದಿ ರಾಡಾರ್‌ನ ಎಕ್ಸ್-47 ವಿದ್ಯುತ್ ಬೈಕನ್ನು ಬಿಡುಗಡೆ ಮಾಡಿತು. ಇದರ ಬೆಲೆ ಎರಡು ಲಕ್ಷಕ್ಕೂ ಹೆಚ್ಚು. ಹಳೆಯ ಬೈಕಿಗೆ ಹೊರಗಿನಿಂದ ಜೋಡಿಸುವ ರಾಡಾರ್ ಕಿಟ್‌ಗಳೂ ಇವೆ. ಸೈಕಲ್‌ಗೆಂದು ಮಾಡಿದ, 140 ಮೀಟರ್ ನೋಡುವ ಗಾರ್ಮಿನ್ ವೇರಿಯಾವನ್ನು ಬೈಕಿಗೆ ಕಟ್ಟಿಕೊಂಡವರೂ ಇದ್ದಾರೆ.

ಜೋಡಿಸುವಾಗ ಗಮನಿಸಿ

* ರಾಡಾರ್ ನೇರವಾಗಿ ಹಿಂದಕ್ಕೆ ನೋಡಬೇಕು. ಮೇಲಕ್ಕೋ ನೆಲಕ್ಕೋ ವಾಲಿದರೆ ತಪ್ಪು ಹೇಳುತ್ತದೆ.
* ಮುಂದೆ ತಗಡು, ಹಾಲಿನ ಕ್ಯಾನು ಅಡ್ಡ ಬರಬಾರದು. ಲೋಹವನ್ನು ರಾಡಾರ್ ಅಲೆ ದಾಟುವುದಿಲ್ಲ. ಹೂವಿನ ಮೂಟೆ, ಟೊಮೆಟೊ ಕ್ರೇಟು ಹೇರುವವರು ಹೊರೆಯಿಂದ ಮರೆಯಾಗದ ಜಾಗ ಹುಡುಕಬೇಕು.
* ನಂಬರ್ ಪ್ಲೇಟು, ಹಿಂದಿನ ದೀಪ, ಇಂಡಿಕೇಟರ್ ಮುಚ್ಚಬಾರದು.
* ಕೀ ಆಫ್ ಮಾಡಿದಾಗ ಸಾಧನವೂ ಆಫ್ ಆಗುವಂತೆ, ಪ್ರತ್ಯೇಕ ಫ್ಯೂಸ್ ಹಾಕಿ ವೈರಿಂಗ್ ಮಾಡಿಸಿ. ಇಲ್ಲದಿದ್ದರೆ ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆ. ಮೂಲ ವೈರು ಕತ್ತರಿಸಿದರೆ ವಾರಂಟಿಗೂ ತಕರಾರು ಬರಬಹುದು.
* ನೀರು ಹೋಗದ ಸಾಧನವನ್ನೇ ಕೊಳ್ಳಿ. ಕೆಸರು ಮೆತ್ತಿದರೆ ಒರೆಸಿ.

ರಾಡಾರ್ ಹೇಳದ ಮಾತು

ಬೈಕಿನಷ್ಟೇ ವೇಗದಲ್ಲಿ ಬೆನ್ನಿಗೆ ಅಂಟಿಕೊಂಡು ಬರುವ ವಾಹನವನ್ನು ಕೆಲವು ರಾಡಾರ್‌ಗಳು ಬಿಟ್ಟುಬಿಡುತ್ತವೆ. ನಡುವಿನ ದೂರ ಬದಲಾಗದ್ದರಿಂದ ಅದು ಹತ್ತಿರವಾಗುತ್ತಿರುವಂತೆ ಅವಕ್ಕೆ ಕಾಣುವುದಿಲ್ಲ. ದೀಪ ಬೆಳಗದಿದ್ದರೆ ಹಿಂದೆ ಯಾರೂ ಇಲ್ಲ ಎಂದು ಅರ್ಥವಲ್ಲ. ಪೇಟೆ ಬೀದಿಯಲ್ಲಿ ಅದು ಪದೇಪದೇ ಬೆಳಗಿ, ಸವಾರ ಲಕ್ಷ್ಯ ಕೊಡುವುದನ್ನೇ ಬಿಡುವ ಅಪಾಯವೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಾಧನ ಎಚ್ಚರಿಸುವುದು ಬೈಕ್ ಸವಾರನನ್ನು ಮಾತ್ರ, ಲಾರಿ ಚಾಲಕನನ್ನಲ್ಲ.

ಮೊದಲು ಮಾಡಬೇಕಾದ್ದು

ನಮ್ಮ ಕಡೆ ಎಷ್ಟೋ ಬೈಕ್‌ಗಳಲ್ಲಿ ಕನ್ನಡಿಯೇ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮದಂತೆ ಹಿಂಬದಿ ನೋಡುವ ಕನ್ನಡಿ ಕಡ್ಡಾಯ. ಸವಾರನ ಭುಜ ಒಂದು ಅಂಚಿನಲ್ಲಷ್ಟೇ ಕಂಡು, ಉಳಿದ ಭಾಗದಲ್ಲಿ ಹಿಂದಿನ ರಸ್ತೆ ಕಾಣುವಂತೆ ಅದನ್ನು ತಿರುಗಿಸಿಡಬೇಕು. ತಿರುಗುವ ಮುನ್ನ ಒಮ್ಮೆ ಕತ್ತು ಹೊರಳಿಸಿ ನೋಡಿದರೆ ಕನ್ನಡಿಗೆ ಕಾಣದ ಜಾಗವೂ ಕಾಣುತ್ತದೆ.

ಕ್ಯಾನು, ಮೂಟೆ ಹೇರುವವರು ಅದರ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದರೆ ಲಾರಿ ಚಾಲಕನಿಗೆ ದೂರದಿಂದಲೇ ಕಾಣುತ್ತದೆ. ಹಿಂದಿನ ದೀಪ, ಬ್ರೇಕ್ ದೀಪ ಉರಿಯುತ್ತಿವೆಯೇ ಎಂದು ಹೊರಡುವ ಮುನ್ನ ನೋಡಿಕೊಳ್ಳಬೇಕು. ಕನ್ನಡಿ, ದೀಪ, ರಿಫ್ಲೆಕ್ಟರ್ ಈ ಮೂರೂ ಸರಿಯಿದ್ದ ಬೈಕಿಗೆ ರಾಡಾರ್ ಒಳ್ಳೆಯ ನಾಲ್ಕನೇ ರಕ್ಷಣೆ. ಈ ಮೂರೂ ಇಲ್ಲದ ಬೈಕಿಗೆ ಅದನ್ನು ಹಾಕಿಸಿ ಪ್ರಯೋಜನವಿಲ್ಲ.