ಸಿಗಾರಿನ ಹಿಂದಿನ ದನಿ

ಹವಾನಾದ ಹಳೆಯ ಸಿಗಾರೊಂದನ್ನು ಸೇದುವವನಿಗೆ ಎರಡು ಅನುಕೂಲಗಳು ಬೇಕು: ಒಂದು ಗಂಟೆಯ ಬಿಡುವು, ಯಾರೂ ಮಾತನಾಡಿಸದ ಒಂದು ಮೂಲೆ. ಸೀಡರ್ ಮರದ ಪೆಟ್ಟಿಗೆಯಲ್ಲಿ, ತಕ್ಕಷ್ಟು ತೇವದಲ್ಲಿ, ಹತ್ತು ಹದಿನೈದು ವರ್ಷ ಮಲಗಿದ್ದ ಸಿಗಾರು ಅದು. ಹೊಸದರ ಘಾಟು ಕಾಲಕ್ರಮದಲ್ಲಿ ಅಡಗಿ ಪರಿಮಳ ಹದಗೊಂಡಿರುತ್ತದೆ. ಬಲ್ಲವನು ಅದರ ತುದಿಯನ್ನು ಕತ್ತರಿಸಿ, ಜ್ವಾಲೆ ಎಲೆಗೆ ತಾಗದಂತೆ ಹೊತ್ತಿಸಿ, ನಿಮಿಷಕ್ಕೊಮ್ಮೆ ಮೆಲ್ಲನೆ ಎಳೆಯುತ್ತಾನೆ. ಹೊಗೆಯನ್ನು ಎದೆಗೆ ಇಳಿಸದೆ ಬಾಯಲ್ಲಿಯೇ ಸವಿದು ಬಿಡುತ್ತಾನೆ. ಬೂದಿಯನ್ನು ಕೊಡವುವ ಅವಸರವೂ ಅವನಿಗಿಲ್ಲ. ಇದೆಲ್ಲ ನನಗೆ ಓದಿ ಬಂದ ತಿಳಿವಳಿಕೆ. ನಶ್ಯದ ಚಿಟಿಕೆಯನ್ನು ಮೀರಿ ನಾನು ಹೋದವನಲ್ಲ. ವೈದ್ಯರ ಮಾತಿಗೆ ಅಂಜಿ ಅದನ್ನೂ ಬಿಟ್ಟೆ.

ನನ್ನ ಕುತೂಹಲ ಬೇರೆ. ಇಷ್ಟು ಮೌನವನ್ನು ಬೇಡುವ ಈ ಪದಾರ್ಥ ಸಿದ್ಧವಾಗುವುದು ಮಾತಿನ ನಡುವೆ.

ಕ್ಯೂಬಾದ ಮೂಲನಿವಾಸಿಗಳು ಎಲೆಯನ್ನು ಸುತ್ತಿ ಹೊಗೆ ಸೇದುತ್ತಿದ್ದುದನ್ನು ಕೊಲಂಬಸನ ಜನ 1492ರಲ್ಲಿ ಕಂಡರು. ದ್ವೀಪದ ಪಶ್ಚಿಮದಲ್ಲಿರುವ ಪಿನಾರ್ ದೆಲ್ ರಿಯೋ ಪ್ರಾಂತದ ಹೊಗೆಸೊಪ್ಪು ಕ್ರಮೇಣ ಜಗತ್ಪ್ರಸಿದ್ಧವಾಯಿತು. ಒಳಗೆ ತುಂಬುವ ಎಲೆ, ಅದನ್ನು ಬಿಗಿಯುವ ಎಲೆ, ಮೇಲೆ ಹೊದಿಸುವ ನಯವಾದ ಎಲೆ, ಇವನ್ನು ಕೈಯಿಂದಲೇ ಸುರುಟಬೇಕು. (ಇಂಗ್ಲಿಷರ ‘ಚೆರೂಟ್’ ತಮಿಳಿನ ‘ಸುರುಟ್ಟು’ವಿನಿಂದ ಹೋದದ್ದು, ನಮ್ಮ ‘ಸುರುಳಿ’ಗೂ ಅದು ನೆಂಟ.) ಕೈಗೆ ಬಿಡುವಿಲ್ಲ, ಕಿವಿಗೆ ಕೆಲಸವಿಲ್ಲ. ಹಾಗೆ ನೂರಾರು ಜನ ದಿನವಿಡೀ ಸಾಲುಸಾಲಾಗಿ ಕುಳಿತಿರುತ್ತಿದ್ದರು.

1865ರಲ್ಲಿ ಹವಾನಾದ ‘ಎಲ್ ಫಿಗಾರೋ’ ಕಾರ್ಖಾನೆಯ ಕೆಲಸಗಾರರು ಇದಕ್ಕೊಂದು ಉಪಾಯ ಮಾಡಿದರು. ತಮ್ಮಲ್ಲೊಬ್ಬನನ್ನು ಓದಲು ನಿಲ್ಲಿಸಿದರು; ಅವನಿಗೆ ತಪ್ಪಿದ ಕೂಲಿಯನ್ನು ಉಳಿದವರು ಕೂಡಿ ತುಂಬಿಕೊಟ್ಟರು. ಮರುವರ್ಷ ಪಾರ್ತಾಗಾಸ್ ಕಾರ್ಖಾನೆಯಲ್ಲಿ ಓದುಗನಿಗೆ ಎತ್ತರದ ಪೀಠವೇ ಆಯಿತು. ನಮ್ಮಲ್ಲಿ ಗಮಕಿಗಳು ಭಾರತ ಓದುವಾಗ ಅಕ್ಷರ ಬಾರದವರೂ ಕುಳಿತು ಕೇಳುತ್ತಿರಲಿಲ್ಲವೆ? ಅಲ್ಲಿಯೂ ಅಕ್ಷರ ಬಾರದವರು ಪತ್ರಿಕೆಯ ಸುದ್ದಿ ತಿಳಿದರು, ವಿಕ್ಟರ್ ಹ್ಯೂಗೋವಿನ ಕಾದಂಬರಿಗೆ ಕಣ್ಣೀರಿಟ್ಟರು. 1935ರಲ್ಲಿ ಹುಟ್ಟಿದ ‘ಮಾಂಟೆಕ್ರಿಸ್ಟೋ’ ಸಿಗಾರಿಗೆ ಆ ಹೆಸರು ಬಂದದ್ದು, ಕೆಲಸಗಾರರು ಮೆಚ್ಚಿ ಕೇಳುತ್ತಿದ್ದ ಡ್ಯೂಮಾನ ಕಾದಂಬರಿಯಿಂದ ಎಂದು ಪ್ರತೀತಿ.

ಕೇಳುವವರು ಯೋಚಿಸತೊಡಗಿದರೆ ಆಳುವವರಿಗೆ ನಿದ್ರೆ ಬರುವುದಿಲ್ಲ. 1866ರ ಮೇ ತಿಂಗಳಲ್ಲಿಯೇ ಸ್ಪೇನಿನ ಅಧಿಕಾರಿ ಈ ಓದನ್ನು ನಿಷೇಧಿಸಿದ. 1868ರಲ್ಲಿ ಸ್ವಾತಂತ್ರ್ಯಕ್ಕಾಗಿ ಯುದ್ಧ ಹತ್ತಿದಾಗ ಅನೇಕ ಕೆಲಸಗಾರರು ಕಡಲು ದಾಟಿ ಅಮೆರಿಕದ ಕೀ ವೆಸ್ಟಿಗೆ, ಮುಂದೆ ಟ್ಯಾಂಪಾಕ್ಕೆ ಹೋದರು. ಓದುವ ಪೀಠವೂ ಅವರ ಹಿಂದೆಯೇ ಹೋಯಿತು. ಕವಿ ಹೋಸೆ ಮಾರ್ತಿ 1891ರಲ್ಲಿ ಟ್ಯಾಂಪಾದಲ್ಲಿ ಭಾಷಣ ಮಾಡಿದಾಗ ಅವನಿಗೆ ಬೆಂಬಲವಾಗಿ ನಿಂತವರು ಈ ಕೆಲಸಗಾರರೇ. 1895ರ ದಂಗೆಯ ಅಪ್ಪಣೆ ಕೀ ವೆಸ್ಟಿನಿಂದ ಕ್ಯೂಬಾಕ್ಕೆ ಹೋದದ್ದು ಒಂದು ಸಿಗಾರಿನೊಳಗೆ ಎಂದು ಕಥೆ ಹೇಳುತ್ತಾರೆ. ನಿಜವೋ ಸುಳ್ಳೋ, ಕಥೆ ತಕ್ಕ ಜಾಗದಲ್ಲಿಯೇ ಹುಟ್ಟಿದೆ.

ರೇಡಿಯೋ ಕೇಳುವ ಮನೆಗಳವರಿಗೆ ಒಂದು ಸಂಗತಿ ಹೇಳಬೇಕು. 1931ರಲ್ಲಿ ಟ್ಯಾಂಪಾದ ಮಾಲೀಕರು, ಓದುಗರು ಕ್ರಾಂತಿಯ ವಿಚಾರ ಹರಡುತ್ತಾರೆಂದು ಅವರನ್ನು ಹೊರಗೆ ಹಾಕಿದರು. ಕೆಲಸಗಾರರು ಮುಷ್ಕರ ಹೂಡಿದರೂ ಫಲವಾಗಲಿಲ್ಲ. ಆ ಜಾಗಕ್ಕೆ ಬಂದದ್ದು ರೇಡಿಯೋ! ನಮಗೆ ಪ್ರಿಯವಾದ ಯಂತ್ರವೇ. ಆದರೆ “ಆ ಪುಟವನ್ನು ಇನ್ನೊಮ್ಮೆ ಓದಪ್ಪಾ” ಎಂದರೆ ಅದು ಕೇಳುವುದಿಲ್ಲ. ನಾಳೆ ಯಾವ ಪುಸ್ತಕವೆಂದು ಕೈಯೆತ್ತಿ ನಿರ್ಧರಿಸುವ ಅಧಿಕಾರವನ್ನೂ ಕೊಡುವುದಿಲ್ಲ.

ಕ್ಯೂಬಾದಲ್ಲಿ ರೇಡಿಯೋ ಬಂದರೂ ಓದುಗ ಹೋಗಲಿಲ್ಲ. ಅವನ ಮುಂದೆ ಧ್ವನಿವರ್ಧಕ ಬಂತು, ಆ ಪೀಠದಲ್ಲಿ ಹೆಂಗಸರೂ ಕುಳಿತರು. 2012ರಲ್ಲಿ ಆ ದೇಶ ಈ ಓದನ್ನು ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತೆಂದು ಸಾರಿತು. ಓದು ಮೆಚ್ಚಿಗೆಯಾದರೆ ಕೆಲಸಗಾರರು ಚಪ್ಪಾಳೆ ತಟ್ಟುವುದಿಲ್ಲ. ಎಲೆ ಕತ್ತರಿಸುವ ಅರ್ಧಚಂದ್ರದಂಥ ಅಲಗಿನಿಂದ ಮುಂದಿನ ಹಲಗೆಯನ್ನು ಟಕಟಕನೆ ಕುಟ್ಟುತ್ತಾರೆ. ಹಿಡಿಸದಿದ್ದರೆ ಅಲಗನ್ನು ನೆಲಕ್ಕೆ ಬೀಳಿಸುತ್ತಾರಂತೆ. ಮೂವತ್ತು ವರ್ಷ ತರಗತಿಯಲ್ಲಿ ಗಟ್ಟಿಯಾಗಿ ಪದ್ಯ ಓದಿದವನು ನಾನು; ನನ್ನ ಹುಡುಗರ ಕೈಯಲ್ಲಿ ಇದ್ದದ್ದು ಬರಿಯ ಪೆನ್ಸಿಲು.